ಎಕ್ಸಲ್ ಆರಿಸೋ ಮಾತು ಬರೇ ಗಂಡಸರದಲ್ಲ

ಎಳ್ಳ ಅಮಾಸಿ ದಿನ ನಮ್ಮ ಜೀಪಿನ ಗಾಲಿ ಕಳಚಿದ ಸುದ್ದಿ ನಿಮಗೆಲ್ಲಾ ಮುಟ್ಟೇದ. ಅಫಜಲಪುರದ ಚಿಗವ್ವ ಫೋನ್ ಮಾಡಿ "ಜೀಪು ಪಲ್ಟಿ ಆಯ್ತಂತಲ್ಲೇ" ಅಂತ ಅಳಕೋತ ಕೇಳಿದ್ಳು. ಪಲ್ಟಿ ಆಗಿಲ್ಲ. ಸುದ್ದಿ ಜೇವರ್ಗಿ ಮುಟ್ಟೋದ್ರಾಗ ಇಬ್ಬರು ಸತ್ರು ಅಂತ ಆಗಿತ್ತು. ಯಾರೂ ಸತ್ತಿಲ್ಲ. ಅತ್ತಿದು ಮುಂಗೈ ಎಲುಬು ಮುರದದ, ಕಡಬಿನ ಡಬರಿ ಉರುಳೇದ, ಸಣ್ಣಾಕಿ ಹಣಿಗಿ ಎರಡು ಹೊಲಿಗಿ ಬಿದ್ದಾವ. ಅಷ್ಟೇ. ಆದ್ರ ಈ "ಅಷ್ಟೇ" ಅನ್ನೋ ಮಾತು ಬರೀಬೇಕಾದ್ರ ನನ್ನ ಕೈ ಇನ್ನಾ ನಡುಗ್ತದ. ಯಾಕಂದ್ರ ಅದರ ಹಿಂದಿನ ದಿನ ಅದೇ ಜೀಪು ಆಳಂದದಿಂದ ಕಲಬುರಗಿಗಿ ಹುಡುಗ್ಯಾರನ್ನ ಕುಂದರಿಸಿಕೊಂಡು ಅರವತ್ತರ ಸ್ಪೀಡಿನ್ಯಾಗ ಹೋಗಿ ಬಂದಿತ್ತು. ಮುರಿಯೋದು ಅವತ್ತ ಮುರಿದಿದ್ರ?

ನಡದಿದ್ದು ಇಷ್ಟು. ಚರಗ ಚೆಲ್ಲಿ, ಉಂಡು, ಇಳಿಹೊತ್ತಿಗಿ ಹೊಲದಿಂದ ಹೊಂಟಿದ್ದಿವಿ. ಹಿಂದ ನಾವು ಹೆಣ್ಣಮಕ್ಕಳು ಏಳು ಮಂದಿ, ಮ್ಯಾಲ ಪಾತ್ರಿ ಪಡಗ. ಹಳ್ಳದ ಇಳುಕಲಿಗಿ ಜೀಪು ಮಂದ ಹೆಜ್ಜಿ ಹಾಕಿಕೋತ ಇಳೀಲತ್ತಿತ್ತು. ಟಕ್ ಅಂತ ಒಂದು ಸಪ್ಪಳ ಬಂತು. ನೋಡ್ತೀವಿ, ನಮ್ಮದೇ ಎಡಗಡಿ ಹಿಂದಿನ ಗಾಲಿ, ಡ್ರಮ್ಮಿನ ಸಮೇತ, ನಮಗಿಂತ ಮುಂದ ಓಡಿ ತೊಗರ್ಯಾಗ ಹೊಕ್ಕೊಂಡದ. ನಮ್ಮ ನೆಗೆಣ್ಣಿ "ಅಯ್ಯ, ಆ ಗಾಲಿ ಯಾರದು" ಅಂದಳು. ಅಷ್ಟೊತ್ತಿಗಿ ಜೀಪು ಎಡಕ್ಕ ಕುಂತುಬಿಡ್ತು.

ಮರುದಿನ ಬೇವಿನ ಗಿಡದ ಕೆಳಗ ಪಂಚಾಯ್ತಿ. ಮನ್ಯಾಗಿನ ಗಂಡಸರು, ಮೆಕ್ಯಾನಿಕ್, ಬಾಜು ಮನಿ ಕಾಕಾ. ಮಾತೆಲ್ಲಾ ಹೊಸ ಎಕ್ಸಲ್ ಎಂಥಾದ್ದು ತರಬೇಕು ಅಂಬೋದ್ರ ಮ್ಯಾಲ. ನಾನು ಚಹಾ ಕೊಡ್ಲಾಕ ಹೋದಾಕಿ ಅಲ್ಲೇ ನಿಂತೆ. "ನೀವ್ಯಾಕ ವೈನಿ ಇದ್ರಾಗ" ಅಂದ ಮೈದುನ. ನಾನಂದೆ, "ಹಿಂದ ಕುಂದರೋರು ನಾವಪ್ಪಾ." ಆ ಮಾತಿನ ಮುಂದಿನ ಭಾಗ ಇಲ್ಲಿ ಬರೀಲತ್ತೀನಿ. ನಿಮ್ಮ ಮನಿಗೋಳ ಅಂಗಳದಾಗೂ ಇಂಥಾ ಹಳೇ ಜೀಪು ನಿಂತಾವ, ಗೊತ್ತದ ನನಗ.

ಮೊದ್ಲು ಜೀಪು ಎತ್ತರ ಮಾಡಿದ ಕತಿ ಹೇಳಬೇಕು. 2020ರ ಅಕ್ಟೋಬರಿನ್ಯಾಗ ಭೀಮಾ ನದಿ ಬಂದಾಗ ನೆನಪದ ಅಲ? ಮ್ಯಾಲ ಉಜನಿ ಡ್ಯಾಮಿನಿಂದ ನೀರು ಬಿಟ್ರು, ಸೊನ್ನ ಬ್ಯಾರೇಜ್ ತುಂಬಿ ಹರೀತು, ಅಫಜಲಪುರ, ಜೇವರ್ಗಿ ಕಡಿ ಊರೂರೇ ನೀರಾಗ ನಿಂತವು. ನನ್ನ ತವರ ಮನಿ ಮಂದೀನ ಕರಕೊಂಡು ಬರ್ಲಾಕ ಹೋದ ಮೈದುನ ಹಳ್ಳದಾಗ ಸಿಕ್ಕೊಂಡು ಅರ್ಧ ದಿನ ನಿಂತ. ಅವತ್ತೇ ಅಂವ ಜೀಪು ಎತ್ತರ ಮಾಡಬೇಕು ಅಂತ ತಲ್ಯಾಗ ಹಾಕೊಂಡ. ಅಂವನ ಮನಸ ಕೆಟ್ಟದಲ್ಲ, ಅದನ್ನ ಮೊದ್ಲೇ ಹೇಳ್ತೀನಿ. ಪಾಟಾ ಪಟ್ಟಿ ಹೆಚ್ಚಿಗಿ ಹಾಕಿ, ಉದ್ದ ಶ್ಯಾಕಲ್ ಕೂಡಿಸಿ, 4 ಇಂಚ ಎತ್ತಿದ. ತೆಳ್ಳನ ಹಳೇ ಟಾಯರ್ ತೆಗದು 31 ಇಂಚಿನ ದಪ್ಪ ಟಾಯರ್ ಹಾಕಿದ. ಊರಾಗ ಹುಡುಗರು ಬಂದು ಫೋಟೋ ತೆಕ್ಕೊಂಡು ಹೋದ್ರು. ಅತ್ತಿಗಿ ಹತ್ಲಾಕ ಮಾತ್ರ ಒಂದು ಮಣಿ ಇಡೋದು ಶುರು ಆಯ್ತು.

ಈಗ ಒಂದು ಲೆಕ್ಕ ಕೇಳ್ರಿ. ಜೀಪು ಎತ್ತಿದ್ರ ಕೆಳಗಿಂದು ಎಲ್ಲಾ ಎತ್ತರ ಆಗ್ತದ ಅಂತ ಮಂದಿ ತಿಳಕೊಂಡಾರ. ಆಗಲ್ಲ. ಸ್ಪ್ರಿಂಗ್ ಎತ್ತಿದ್ರ ಸ್ಪ್ರಿಂಗಿನ ಮ್ಯಾಲಿನ ಮೈ ಅಷ್ಟೇ ಎದ್ದೇಳ್ತದ. ಎರಡು ಗಾಲಿ ನಡಬರಕ ಗುಂಡನ ಗಡಿಗಿ ಹಂಗ ಜೋತುಬಿದ್ದಿರ್ತದಲ್ಲ, ಹೌಸಿಂಗ್ ಅಂತಾರ, ಕಲ್ಲಿಗಿ ಬಡಿಯೋದು ಅದು. ಅದು ಗಾಲಿಯ ನಡುವಿನ ಎತ್ತರದಾಗೇ ಇರ್ತದ. ಗಾಲಿ ದೊಡ್ಡದಾದ್ರ ಮಾತ್ರ ಅದು ಏಳ್ತದ, ಅದೂ ಅರ್ಧ ಲೆಕ್ಕ. ಹಳೇ ಟಾಯರ್ ಹತ್ತತ್ತರ 28.5 ಇಂಚ, ಹೊಸಾದು 31. ಅಂತರ ಎರಡೂವರಿ ಇಂಚ, ಅದರ ಅರ್ಧ ಒಂದೂಕಾಲು. ಅಂದ್ರ ಇಷ್ಟೆಲ್ಲಾ ರೊಕ್ಕ ಸುರುವಿ, ಅತ್ತಿಗಿ ಮಣಿ ಇಟ್ಟು, ನಮ್ಮ ಗಡಿಗಿ ನೆಲದಿಂದ ಎದ್ದಿದ್ದು ಒಂದೂಕಾಲು ಇಂಚ! ನಮ್ಮ ಮಾವನ ಕಾಲದ ಬಂಡಿ ಎಂಥಾ ಹಳ್ಳದಾಗೂ ಹೊಟ್ಟಿ ಹತ್ತಲಾರದೇ ಹೋಗ್ತಿತ್ತು. ಗಾಲಿ ಎದಿಮಟ ಇತ್ತು, ತೆಳ್ಳಗಿತ್ತು, ಅದಕ್ಕ. ಎರಿ ಮಣ್ಣಿನ್ಯಾಗ ತೆಳ್ಳನ ಗಾಲಿ ಮ್ಯಾಲಿನ ರಾಡಿ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡೀತದ ಅಂತ ಮಾವ ಅಂತಿದ್ರು. ದಪ್ಪ ಟಾಯರು ನಮ್ಮ ಕರಿ ರಾಡಿ ಮೆತ್ತಿಕೊಂಡು ಹೋಳಿಗಿ ಹೂರ್ಣದ ಉಂಡಿ ಆಗಿ ತಿರುಗ್ತದ, ನಾನೇ ನೋಡೀನಿ.

ಎಕ್ಸಲ್ ಯಾಕ ಮುರೀತು ಅಂಬೋದು ಗೊತ್ತಾಗಲಾರದೇ ಹೊಸಾದು ಆರಿಸಬಾರದು, ನನ್ನ ಮೊದಲ ಹಟ ಇದೇ ಆಗಿತ್ತು. ತುಂಡಾದ ಶಾಫ್ಟ್ ತೊಗೊಂಡು ಬಿಸಿಲಿಗಿ ಹಿಡದು ನೋಡಿದೆ. ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕರ್ರಗ, ನುಣ್ಣಗ, ದಂಡಿಗಿ ನೀರು ಬಂದು ಹೋದಂಗ ಗೆರಿಗೆರಿ. ಉಳಿದಿದ್ದು ಬೆಳ್ಳಗ, ಸಕ್ರಿ ಹಳಕಿನಂಗ ಉರುಟುರುಟು. ಮೆಕ್ಯಾನಿಕ್ ಹೇಳಿದ, ಕರ್ರಗ ಇದ್ದದ್ದು ಹಳೇ ಬಿರುಕು, ಬೆಳ್ಳಗಿದ್ದದ್ದು ಅವತ್ತ ಮುರಿದದ್ದು ಅಂತ. ಅಂದ್ರ ತಿಂಗಳಾನುಗಟ್ಟಲೆ ಅದು ಒಳಗೊಳಗ ಸೀಳ್ಲತ್ತಿತ್ತು, ನಾವು ಮ್ಯಾಲ ಕುಂತು ಜಾತ್ರಿ ಮಾಡ್ಲತ್ತಿದ್ದಿವಿ.

ತಂತಿ ಮುರೀಬೇಕಾದ್ರ ನಾವೇನು ಮಾಡ್ತೀವಿ? ಆಚಿ ಈಚಿ ಬಗ್ಗಸ್ತೀವಿ. ಒಂದೇ ಸಲ ಜಗ್ಗಿದ್ರ ಮುರಿಯಲಾರದ್ದು ಹತ್ತು ಸಲ ಬಗ್ಗಿಸಿದ್ರ ಮುರೀತದ. ತಿರುಗೋ ಶಾಫ್ಟಿನ ಮ್ಯಾಲ ಭಾರ ಬಿದ್ರ ಅದೂ ಹಂಗೇ, ಸುತ್ತಿಗಿ ಒಮ್ಮಿ ಆಚಿ ಬಗ್ಗತದ, ಒಮ್ಮಿ ಈಚಿ. ಕಣ್ಣಿಗಿ ಕಾಣಲ್ಲ. 28.5 ಇಂಚಿನ ಗಾಲಿ ಒಂದು ಕಿಲೋಮೀಟರಿಗಿ 440 ಸುತ್ತು ತಿರುಗ್ತದ. ಆಳಂದದಿಂದ ಕಲಬುರಗಿ 40 ಕಿಲೋಮೀಟರ್ ಹಿಡೀರಿ, ಹದಿನೇಳು ಸಾವಿರದ ಮ್ಯಾಲ. ಒಂದು ಸಲ ಹೋಗ್ಲಾಕ! ಇದನ್ನ ಜಗತ್ತು ಕಲ್ತಿದ್ದು ಭಾಳ ದುಃಖ ಉಂಡು. 1842ರಾಗ ಫ್ರಾನ್ಸಿನ ವರ್ಸೈಲ್ ಹತ್ರ ರೈಲ್ವೆ ಇಂಜಿನ್ನಿನ ಎಕ್ಸಲ್ ಮುರಿದು ಐವತ್ತಕ್ಕಿಂತ ಹೆಚ್ಚು ಮಂದಿ ಸತ್ರು. ಆಮ್ಯಾಲ ಜರ್ಮನಿಯ ವೋಲರ್ ಅನ್ನೋ ಇಂಜಿನಿಯರ್ ವರ್ಷಾನುಗಟ್ಟಲೆ ರೈಲಿನ ಎಕ್ಸಲ್ ತಿರುಗಿಸಿ ತಿರುಗಿಸಿ ನೋಡಿ, ಕಬ್ಬಿಣಕ್ಕೂ ದಣಿವದ ಅಂತ ತೋರಿಸಿದ.

ನಮ್ಮದು ಯಾಕ ದಣೀತು? ದಪ್ಪ ಟಾಯರಿಗಿ ಅಗಲ ರಿಮ್ ಹಾಕಿದ್ರು, ಗಾಲಿ ನಾಕು ಬಟ್ಟು ಹೊರಗ ಬಂತು. ಕೊಡ ಟೊಂಕದ ಮ್ಯಾಲ ಇಟ್ಕೊಂಡು ಹೋಗ್ರಿ, ಅದೇ ಕೊಡ ಕೈ ಚಾಚಿ ಹಿಡ್ಕೊಂಡು ಹೋಗ್ರಿ, ರಟ್ಟಿಗಿ ಏನಾಗ್ತದ ನೋಡ್ರಿ. ಶಾಫ್ಟಿಗೂ ಬೇರಿಂಗಿಗೂ ಆಗಿದ್ದು ಅದೇ. ಅದರ ಮ್ಯಾಲ ಗಾಲಿ ದೊಡ್ಡದಾದಷ್ಟು ಅದನ್ನ ತಿರುವ್ಲಾಕ ಶಾಫ್ಟು ಹೆಚ್ಚಿಗಿ ಹಿಂಡಬೇಕು, ಒದ್ದಿ ಬಟ್ಟಿ ಹಿಂಡಿದಂಗ. ಇನ್ನೊಂದು ತಪ್ಪು ನಮ್ಮ ಕಡಿಂದೇ. ಡ್ರಮ್ಮಿನ ಬಾಯಿಗಿ ಎಣ್ಣಿ ಜಿನುಗ್ಲತ್ತಿತ್ತು. ನಾನೇ ಎರಡು ಸಲ ಅಂಗಳದ ಪರ್ಸಿ ಮ್ಯಾಲಿನ ಕಲಿ ತಿಕ್ಕೀನಿ. ತಿಕ್ಕಿ ಸುಮ್ಮನಾದೆ, ಹೇಳಲಿಲ್ಲ. ಪರ್ಸಿ ಹೊಲಸಾಯ್ತು ಅಂತ ಬೈದೆ ಅಷ್ಟೇ.

ಈಗ ಆರಿಸೋ ಮಾತಿಗಿ ಬರ್ತೀನಿ. ಹಿಂದಿನ ಎಕ್ಸಲ್ ಎರಡು ಜಾತಿ ಇರ್ತಾವ. ಸೆಮಿ ಫ್ಲೋಟಿಂಗ್, ಫುಲ್ ಫ್ಲೋಟಿಂಗ್ ಅಂತಾರ ಮೆಕ್ಯಾನಿಕ್‌ಗೋಳು. ಹೆಸರಿಗಿ ಅಂಜಬ್ಯಾಡ್ರಿ, ನಮಗ ಗೊತ್ತಿರೋದೇ ಅದ. ಬಂಡಿ ಅಚ್ಚು ನೆನಸ್ಕೋರಿ. ಅಚ್ಚು ತಿರುಗಲ್ಲ, ಬರೇ ಭಾರ ಹೊರ್ತದ. ಗಾಲಿ ಅದರ ಮ್ಯಾಲ ತಿರುಗ್ತದ, ತುದಿಗಿ ಕೀಲ ಇರ್ತದ. ಫುಲ್ ಫ್ಲೋಟಿಂಗ್ ಅಂದ್ರ ಹಂಗೇ. ಹೊರಗಿನ ದಪ್ಪ ಕೊಳವಿ ಭಾರ ಹೊರ್ತದ, ಗಾಲಿ ಎರಡು ಬೇರಿಂಗಿನ ಮ್ಯಾಲ ಆ ಕೊಳವಿಗೇ ಕುಂತಿರ್ತದ. ಒಳಗಿನ ಶಾಫ್ಟಿನ ಕೆಲಸ ಬರೇ ತಿರುಗಿಸೋದು. ಶಾಫ್ಟ್ ಮುರಿದ್ರೂ ಗಾಲಿ ಜಾಗಾ ಬಿಡಲ್ಲ, ಗಾಡಿ ಮುಂದ ಹೋಗಲ್ಲ ಅಷ್ಟೇ. ಸೆಮಿ ಅಂದ್ರ ಒಬ್ಬಾಕೇ ತಲಿ ಮ್ಯಾಲ ಕೊಡ ಹೊತ್ತು, ಕೈಯಾಗ ಬಾವಿ ಹಗ್ಗನೂ ಜಗ್ಗಿದಂಗ. ಅದೇ ಶಾಫ್ಟು ಭಾರನೂ ಹೊರಬೇಕು, ತಿರುಗಿಸಲೂ ಬೇಕು. ಬೇರಿಂಗಿನ ಹೊರಗ ಮುರೀತಂದ್ರ ಗಾಲಿ ತನ್ನ ದಾರಿ ತಾನು ಹಿಡೀತದ. ನಮ್ಮದು ಸೆಮಿ. ಎರಡನೇ ಮಹಾಯುದ್ಧದ ಮಿಲ್ಟ್ರಿ ಜೀಪಿಗಿ ಹಿಂದ ಫುಲ್ ಫ್ಲೋಟಿಂಗೇ ಇತ್ತಂತ, ಆಮ್ಯಾಲ ಮಂದಿಗಿ ಮಾರೋ ಜೀಪಿನ್ಯಾಗ ಸೆಮಿ ಬಂತು. ಸೆಮಿ ಕೆಟ್ಟದು ಅಂತಲ್ಲ. ಕಂಪನಿ ಹೇಳಿದ ಟಾಯರು, ಹೇಳಿದ ಭಾರ ಇಟ್ಟು ನಡಿಸಿದೋರ ಜೀಪು ನಲವತ್ತು ವರ್ಷ ನಡದಾವ. ನಾವು ಹೇಳಿದ್ದು ಬಿಟ್ಟು ಎಲ್ಲಾ ಮಾಡಿದಿವಿ.

ಯಾವುದು ಯಾವ ಜಾತಿ ಅಂತ ಗುರ್ತು ಹಿಡಿಯೋದು ಸರಳ. ಬಸ್ ಸ್ಟ್ಯಾಂಡಿನ್ಯಾಗ ಸರ್ಕಾರಿ ಬಸ್ಸಿನ ಹಿಂದಿನ ಗಾಲಿ ನೋಡ್ರಿ, ಇಲ್ಲಂದ್ರ ಕಬ್ಬು ಹೊರೋ ಲಾರಿದು. ನಡಬರಕ ಒಂದು ತಾಟು ಇದ್ದು, ಅದರ ಸುತ್ತ ಬೋಲ್ಟ್ ಇರ್ತಾವ. ಆ ಬೋಲ್ಟ್ ಬಿಚ್ಚಿದ್ರ ಗಾಲಿ ತೆಗೀಲಾರದೇ ಶಾಫ್ಟ್ ಹೊರಗ ಬರ್ತದ. ಅದು ಫುಲ್ ಫ್ಲೋಟಿಂಗ್. ಭೂಸನೂರು, ಹವಳಗಾ, ಮಳ್ಳಿ ಫ್ಯಾಕ್ಟರಿ ಕಡಿ ಕಬ್ಬಿನ ಸೀಜನ್ನಿಗಿ ದಾರಿ ತುಂಬ ಲಾರಿ ನಿಂತಿರ್ತಾವ, ನಾನು ಈಗ ಬಸ್ಸಿನ ಕಿಡಕಿಂದ ಅದನ್ನೇ ನೋಡಿಕೋತ ಹೋಗ್ತೀನಿ.

ಹಂಗಿದ್ರ ಫುಲ್ ಫ್ಲೋಟಿಂಗೇ ತರಬೇಕು ಅಂತ ನಾನೂ ಅಂದೆ. ಎರಡು ದಿನ ಅದೇ ಜಪ. ಮೈದುನ ಖುಷಿಲಿಂದ ಹೋಗಿ ಒಂದು ಗುಜರಿ ಅಂಗಡಿಂದ ದೊಡ್ಡ ಗಾಡಿದೊಂದು ಎಕ್ಸಲ್, ಪೂರಾ ಗಡಿಗಿ ಸಮೇತ, ಟಂಟಂದಾಗ ಹಾಕೊಂಡು ಬಂದ. ಬೇವಿನ ಗಿಡದ ಕೆಳಗ ಅದು ಎಮ್ಮಿ ಮಲಗಿದಂಗ ಮಲಗಿತ್ತು. ಅಡ್ವಾನ್ಸ್ ಕೊಟ್ಟು ಬಂದಿದ್ದ, ನೋಡಿ ಪಸಂದ ಆದ್ರ ಉಳಿದಿದ್ದು ಕೊಡೋ ಮಾತು.

ಅಳದು ನೋಡಿದಿವಿ. ನಮ್ಮದಕ್ಕಿಂತ ಎರಡೂ ಕಡಿ ನಾಕ್ನಾಕು ಬಟ್ಟು ಅಗಲ. ಮುಂದಿನ ಗಾಲಿ ಒಂದು ಸಾಲಿನ್ಯಾಗ, ಹಿಂದಿನದು ಇನ್ನೊಂದು ಸಾಲಿನ್ಯಾಗ. ರಾಡ್ಯಾಗ ಮುಂದಿನ ಗಾಲಿ ಮಾಡಿದ ದಾರಿ ಹಿಂದಿನದಕ್ಕ ಸಿಗಲ್ಲ. ಇದನ್ನ ಮೈದುನ "ಏನಾಗಲ್ಲ" ಅಂದ.

ಆಮ್ಯಾಲ ನಾನು ನೆಗೆಣ್ಣಿ ಮಗನ್ನ ಕರದು ಸುಣ್ಣದ ಕಡ್ಡಿ ತರ್ಲಾಕ ಹೇಳಿದೆ. ಇದನ್ನ ಮೆಕ್ಯಾನಿಕ್ಕೇ ಹೇಳಿಕೊಟ್ಟಿದ್ದ, ಪುಣ್ಯಾತ್ಮ. ಎರಡೂ ಕಡಿ ಗಾಲಿ ಜಾಗಾದಾಗ ಗೆರಿ, ನಡಬರಕ ಇಂಜಿನ್ನಿನಿಂದ ಬರೋ ರಾಡು ಕೂಡೋ ಮೂತಿಗಿ ಒಂದು ಗೆರಿ. ನಾನೊಂದು ಕಡಿ, ಹುಡುಗ ಒಂದು ಕಡಿ, ಎರಡೂ ತುದಿ ಕೂಡೇ ಒಂದು ಸುತ್ತು ತಿರುಗಿಸಿದಿವಿ. ಮೂತಿ ಎಷ್ಟು ಸುತ್ತು ತಿರುಗ್ತದ ಅಂತ ನೆಗೆಣ್ಣಿ ಎಣಿಸಿದಳು. ಮೂರೂ ಮುಕ್ಕಾಲಿಗಿ ಜರಾ ಕಮ್ಮಿ. ಜೀಪಿನ ಮುಂದಿನ ಎರಡೂ ಗಾಲಿ ಜಾಕಿಗಿ ಎತ್ತಿ, ಗೇರ್ ನ್ಯೂಟ್ರಲ್ ಇಟ್ಟು, ಅಲ್ಲೂ ಹಂಗೇ ಮಾಡಿದಿವಿ. ಐದೂ ಕಾಲಿಗಿ ಮ್ಯಾಲ. ಹಳೇ ವಿಲ್ಲೀಸ್ ಜೀಪಿನ ಲೆಕ್ಕ ಇದು, ಒಳಗ ದೊಡ್ಡ ಚಕ್ರಕ್ಕ 43 ಹಲ್ಲು, ಸಣ್ಣದಕ್ಕ 8. ಭಾಗಿಸಿದ್ರ 5.38.

ಈಗ ನೀವೇ ಹೇಳ್ರಿ. ಫೋರ್ ವೀಲ್ ಹಾಕಿದ್ರ ಮುಂದಿಂದು ಹಿಂದಿಂದು ಎರಡೂ ರಾಡು ಒಂದೇ ಓಟದಾಗ ತಿರುಗ್ತಾವ. ಹಿಂದ 3.73, ಮುಂದ 5.38 ಇದ್ರ, ಮುಂದಿನ ಗಾಲಿ ಹತ್ತು ಸುತ್ತು ಹಾಕೋದ್ರಾಗ ಹಿಂದಿನದು ಹದಿನಾಕರ ಮ್ಯಾಲ ಹಾಕ್ತದ. ಒಂದೇ ನೊಗಕ್ಕ ಓಡೋ ಹೋರಿ ಒಂದು, ಗಬ್ಬಾದ ಎಮ್ಮಿ ಒಂದು ಕಟ್ಟಿದಂಗ. ಒಂದಕ್ಕೊಂದು ಜಗ್ಗಾಡಿ ಯಾವುದಾರ ಒಂದು ಮುರೀಲೇಬೇಕು. ಹಂಗಾದ್ರ ಫೋರ್ ವೀಲ್ ಹಾಕಲಾರದೇ ಬಿಡಬೇಕು. ಹಳ್ಳ ದಾಟ್ಲಾಕ ಅಂತ ಎತ್ತರ ಮಾಡಿದ ಜೀಪು, ಅದಕ್ಕ ಫೋರ್ ವೀಲೇ ಇಲ್ಲಂದ್ರ ಏನು ಶೋಭಾ? "ಮುಂದಿಂದೂ ಬದಲಿ ಮಾಡಿದ್ರಾಯ್ತು" ಅಂದ ಮೈದುನ. ಮುಂದಿನ ಎಕ್ಸಲ್, ಅದರ ಬ್ರೇಕು, ಅದರ ಸ್ಟೇರಿಂಗು, ಹಿಡಕೋ ಹಿಡಕೋ ಅನ್ನೋದ್ರಾಗ ಹದಿನೈದು ಚೀಲ ತೊಗರಿ ರೊಕ್ಕದ ಲೆಕ್ಕ ಆಯ್ತು. ಆ ವರ್ಷ ನೆಟಿ ರೋಗ ಬಂದು ನಮಗಾದದ್ದೇ ಇಪ್ಪತ್ತೆರಡು ಚೀಲ. ಜಿಐ ಗುರ್ತು ಸಿಕ್ಕದ ನಮ್ಮ ಕಲಬುರಗಿ ತೊಗರಿಗಿ, 2019ರಾಗ. ಗುರ್ತಿನಿಂದ ಚೀಲ ಹೆಚ್ಚಾಗಲ್ಲ.

ಎಮ್ಮಿ ಮರುದಿನ ಟಂಟಂ ಹತ್ತಿ ವಾಪಸ್ ಹೋಯ್ತು. ಅಡ್ವಾನ್ಸಿನ್ಯಾಗ ಅರ್ಧ ಹೋಯ್ತು, ಹೋಗಲಿ.

ಎರಡನೇ ಸಲಹೆ ಬಾಜು ಮನಿ ಕಾಕಾಂದು. "ವೆಲ್ಡಿಂಗ್ ಮಾಡಸ್ರಿ, ಸಾವಿರ ರೂಪಾಯ್ದಾಗ ಕೆಲಸ ಮುಗೀತದ." ಕಾಕಾ ದೊಡ್ಡವ್ರು, ಎದುರು ಮಾತಾಡಬಾರದು, ಆದ್ರ ಇದಕ್ಕ ನಾನು ಸಾಯೋತನಕ ಒಪ್ಪಲ್ಲ. ಶಾಫ್ಟಿನ ಕಬ್ಬಿಣಕ್ಕ ಹದಾ ಕೊಟ್ಟಿರ್ತಾರ, ಕುಡಗೋಲಿಗಿ ಕಮ್ಮಾರ ನೀರು ಕುಡಸ್ತಾನಲ್ಲ ಹಂಗ. ವೆಲ್ಡಿಂಗ್ ಬೆಂಕಿಗಿ ಆ ಹದಾ ಸುಟ್ಟು ಹೋಗ್ತದ, ಕಟ್ಟಿದ ಜಾಗಾದ ಬಾಜೂಕೇ ಮತ್ತ ಮುರೀತದ. ಬಂಡಿ, ಕುಂಟಿ, ಗೇಟು ಏನು ಬೇಕಾದ್ದು ಬೆಸೀರಿ. ಹೆಣ್ಣಮಕ್ಕಳು ಕುಂದರೋ ಗಾಡಿ ಶಾಫ್ಟ್ ಬೆಸೀಬ್ಯಾಡ್ರಿ. ಆಳಂದದಾಗ, ಅಫಜಲಪುರದಾಗ, ಜೇವರ್ಗ್ಯಾಗ ಬೆಸದ ಶಾಫ್ಟಿನ ಮ್ಯಾಲ ಓಡೋ ಗಾಡಿ ಎಷ್ಟದಾವೋ, ಒಮ್ಮಿ ನಿಮ್ಮ ಮನ್ಯಾಗ ಕೇಳ್ರಿ.

ಕಡೀಕ ನಾನು ಹಟ ಹಿಡದು ಮಾಡಿಸಿದ್ದು ಹಳೇ ಜಾತಿದೇ, ಸೆಮಿ, ಹೊಸ ಶಾಫ್ಟು. ಎರಡೂ ಕಡಿ. ಒಂದು ಕಡಿ ಮುರಿದದ, ಇನ್ನೊಂದು ಕಡಿ ಛಲೋ ಅದ ಅಂದ್ರು. ಛಲೋ ಹ್ಯಾಂಗ ಇರ್ತದ, ಎರಡೂ ಅಷ್ಟೇ ದಾರಿ ತುಳದಾವಲ್ಲ? ತೆಗೆಸಿ ನೋಡಿದಿವಿ. ಸೀಮೆ ಎಣ್ಣಿ ಸಿಗಲಿಲ್ಲ, ಡೀಸೆಲ್ ಹಚ್ಚಿ, ಒರಸಿ, ಒಣಗಿಸಿ, ಸುಣ್ಣದ ಕಡ್ಡಿ ಪುಡಿ ಉದುರಿಸಿದೆ. ಸ್ವಲ್ಪ ಹೊತ್ತಿಗಿ ಬೆಳ್ಳನ ಪುಡ್ಯಾಗ ಕೂದಲೆಳಿಯಂಗ ಒಂದು ಒದ್ದಿ ಗೆರಿ ಮೂಡ್ತು. ಒಳಗ ಹೊಕ್ಕ ಎಣ್ಣಿ ಬಿರುಕಿನಿಂದ ಹೊರಗ ಬಂದಿತ್ತು. ಮೈದುನ ಅದನ್ನ ಭಾಳ ಹೊತ್ತು ನೋಡಿದ. ಅವತ್ತಿನಿಂದ "ನೀವ್ಯಾಕ ವೈನಿ" ಅನ್ನೋದು ಬಿಟ್ಟಾನ. ಬರಿಗಣ್ಣಿಗಿ ಕಾಣಲಾರದ ಭಾಳ ಸಣ್ಣ ಬಿರುಕು ಇದ್ರಾಗೂ ಸಿಗಲಿಕ್ಕಿಲ್ಲ, ಅದಕ್ಕೇ ಹಳೇ ಶಾಫ್ಟ್ ಕೊಳ್ಳಬ್ಯಾಡ್ರಿ ಅಂತೀನಿ. ಎಷ್ಟು ದೂರ ತಿರುಗಿ ಬಂದದ ಅಂತ ಅದರ ಮೈ ಮ್ಯಾಲ ಬರದಿರಲ್ಲ.

ಕೊಳ್ಳಬೇಕಾದ್ರ ಹಳೇ ತುಂಡು ಚೀಲದಾಗ ಹಾಕೊಂಡೇ ಹೋಗ್ರಿ. ತುದಿಗಿ ಹಲ್ಲು ಹಲ್ಲು ಇರ್ತಾವ, ಸ್ಪ್ಲೈನ್ ಅಂತಾರ, ಅವನ್ನ ಎಣಿಸಬೇಕು. ಒಂದೇ ಹೆಸರಿನ ಜೀಪಿಗಿ ಬ್ಯಾರೆ ಬ್ಯಾರೆ ವರ್ಷದಾಗ ಬ್ಯಾರೆ ಬ್ಯಾರೆ ಎಣಿಕಿ ಇರ್ತಾವ. "ಅದೇ ಅದರಿ, ತೊಗೊಂಡು ಹೋಗ್ರಿ" ಅಂತ ಅಂಗಡ್ಯಾಗ ಅಂತಾರ, ನಂಬಬ್ಯಾಡ್ರಿ. ಎಡದ್ದು ಬಲದ್ದು ಉದ್ದ ಬ್ಯಾರೆ ಇರಬಹುದು, ಎರಡೂ ಅಳೀರಿ. ಕೌಂಟರಿನ ಸಪಾಟ ಕಲ್ಲಿನ ಮ್ಯಾಲ ಉರುಳಿಸಿ ನೋಡ್ರಿ, ಲಟ್ಟಣಿಗಿ ಹಂಗ ಸೀದಾ ಹೋಗಬೇಕು. ಬೇರಿಂಗು, ಸೀಲು, ಚಾವಿ, ನಟ್ಟು, ಪಿನ್ನು ಎಲ್ಲಾ ಹೊಸಾವೇ. ಹತ್ತು ರೂಪಾಯಿ ಪಿನ್ ಉಳಸ್ಲಾಕ ಹೋಗಿ ಹಳೇದನ್ನೇ ಬಡದು ನೆಟ್ಟಗ ಮಾಡಿ ಹಾಕ್ತಾರ, ಎದುರು ನಿಂತು ನೋಡ್ರಿ. ಎಲ್ಲಾ ಸೇರಿ ಎರಡು ಚೀಲ ತೊಗರಿಕಿಂತ ಜರಾ ಹೆಚ್ಚು ಆಯ್ತು ನಮಗ.

ಆದ್ರ ಶಾಫ್ಟ್ ಹಾಕಿ ಬಿಟ್ಟಿದ್ರ ಮುಂದಿನ ಎಳ್ಳ ಅಮಾಸಿಗಿ ಇದೇ ಹಾಡು. ಅಗಲ ರಿಮ್ ಕಳಸಿದಿವಿ, ತೆಳ್ಳನ ಟಾಯರ್ ತಿರುಗಿ ಬಂತು. ಉದ್ದ ಶ್ಯಾಕಲ್ ತೆಗಿಸಿದಿವಿ. ಎತ್ತಿದಾಗಿಂದ ಇಂಜಿನ್ನಿನ ರಾಡು ಸೊಟ್ಟ ಇಳದು ಅದರ ಕ್ರಾಸು ತಿಂಗಳ ತಿಂಗಳ ಹೋಗ್ಲತ್ತಿದ್ದವು, ಬ್ರೇಕ್ ಪೈಪು ಬಿಗದು ತಂತಿ ಆಗಿತ್ತು. ಇವೆಲ್ಲಾ ಒಂದಕ್ಕೊಂದು ಹತ್ತಿದ ಕೆಲಸ. ಕಾಯದೆ ಮಾತೂ ಅದ. 1988ರ ಮೋಟಾರು ವಾಹನ ಕಾಯದೆ 52ನೇ ಕಲಮಿನ ಪ್ರಕಾರ ಕಂಪನಿ ಹೇಳಿದ್ದಕ್ಕ ವಿರುದ್ಧ ಗಾಡಿ ಬದಲಿ ಮಾಡಂಗಿಲ್ಲ, 2019ರ ಜನವರ್ಯಾಗ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿ ಮಾಡಿ ಹೇಳೇದ. ಹದಿನೈದು ವರ್ಷ ದಾಟಿದ ಗಾಡಿಗಿ ಐದೈದು ವರ್ಷಕ್ಕ ಆರ್‌ಸಿ ಹೊಸಾದು ಮಾಡಿಸಬೇಕು, ಅವಾಗ ತಪಾಸಣಿ ಅದ. ಎತ್ತರ ಮಾಡಿದ ಗಾಡಿ ಬಿದ್ದು ಯಾರಿಗರ ಏನರ ಆದ್ರ ಇನ್ಸೂರನ್ಸ್‌ನವ್ರು ಮೊದ್ಲು ತೆಗಿಯೋ ತಕರಾರು ಇದೇ. ಮೈದುನಗ ಕಾಯದೆ ಮಾತು ಅಷ್ಟು ನಾಟಲಿಲ್ಲ. ಅತ್ತಿ ಕೈಗಿನ ಪ್ಲಾಸ್ಟರ್ ನಾಟ್ತು.

ಅಂವಂದು ಒಂದು ಮಾತು ಮಾತ್ರ ನಾನು ತಗದು ಹಾಕಂಗಿಲ್ಲ. "ಮತ್ತ ಭೀಮಾ ಬಂದ್ರ ಹ್ಯಾಂಗ ವೈನಿ, ನಿಮ್ಮ ತವರವ್ರನ್ನ ಯಾರು ತರೋರು?" ಅಂದ. ಇದಕ್ಕ ನನ್ನ ಹತ್ರ ಪೂರಾ ಉತ್ತರ ಇಲ್ಲ. ನೀರು ನಿಂತ ಹಳ್ಳಕ್ಕ ಜೀಪೇ ಇಳೀಬಾರದು ಅಂತೀನಿ, ಆದ್ರ ಅವತ್ತ ಅಂವ ಇಳಿಯದಿದ್ರ ನಮ್ಮ ಅವ್ವ ಆ ರಾತ್ರಿ ಮಾಳಿಗಿ ಮ್ಯಾಲೇ ಕೂಡಬೇಕಾಗಿತ್ತು. ಒಂದೇ ಮಾತು ಹೇಳಿದೆ: ದಿನಾ ಮಂದಿ ಹೊರೋದಕ್ಕ ಹತ್ತು ವರ್ಷಕ್ಕೊಮ್ಮಿ ಬರೋ ನೀರಿನ ವೇಷ ಬ್ಯಾಡ. ಅಂವ ತಲಿ ಅಲ್ಲಾಡಿಸಿದ, ಒಪ್ಪಿದನೋ ಇಲ್ಲೋ ಗೊತ್ತಿಲ್ಲ.

ಒಂದು ಸಣ್ಣ ಯುಕ್ತಿ ಹೇಳಿ ಬಿಡ್ತೀನಿ. ಗಾಲಿ ನಡಬರಕಿನ ನಟ್ಟು ಬಿಗಿ ಮಾಡಿದ ಮ್ಯಾಲ, ನಟ್ಟಿನಿಂದ ಡ್ರಮ್ಮಿನ ತನಕ ಒಂದು ಗೆರಿ ಎಳದೀನಿ, ಮಗಳ ಕೆಂಪು ನೇಲ್ ಪಾಲಿಶಿಲೆ. ನಟ್ಟು ಜರಾ ಸಡಿಲಾದ್ರೂ ಗೆರಿ ತಪ್ತದ, ಗೊತ್ತಾಗ್ತದ. ಹೊಸ ಶಾಫ್ಟ್ ಹಾಕಿದ ವಾರಕ್ಕ ಒಮ್ಮಿ ತಪ್ಪಿತ್ತು, ಹೊಸಾದು ಕುಂದ್ರೋತನಕ ಹಂಗಾಗ್ತದಂತ, ತಿರುಗಿ ಬಿಗಿಸಿದಿವಿ. ಆಮ್ಯಾಲ ತಪ್ಪಿಲ್ಲ. ಮೊನ್ನಿ ಹುಣ್ಣಿಮಿಗಿ ಗಾಣಗಾಪುರಕ್ಕ ಹೊಂಟಾಗ ಅತ್ತಿ ಮಣಿ ಇಲ್ಲದೇ ತಾನೇ ಹತ್ತಿದಳು. ಹತ್ತೋಕಿಂತ ಮೊದ್ಲು ಹಿಂದಿನ ಗಾಲಿ ಹತ್ರ ಬಗ್ಗಿ, ಎಡಗೈಲಿಂದ ಗೆರಿ ಮುಟ್ಟಿ ನೋಡಿ, "ಹ್ಞೂಂ, ನಡೀರಿ" ಅಂದಳು.